ಲಾಗ್ ಬುಕ್ಕಿನಲ್ಲಿ ಮಂಜುಳಮ್ಮನವರ ಷರಾ

ನೇತ್ರದಾನ ಎಂದೊಡನೆ ನಾವು ನೆನೆಯುವುದು ದಾನಿಗಳ ಮನೆಯವರ ದೊಡ್ಡ ಮನಸ್ಸನ್ನು ಮತ್ತು ಶಸ್ತ್ರವೈದ್ಯರ ನುರಿತ ಕೈಯನ್ನು. ಆ ಮನೆಗೂ ಈ ಕೈಗೂ ನಡುವೆ ಒಂದು ರಸ್ತೆಯಿದೆ, ಆ ರಸ್ತೆಯ ಮೇಲೆ ಒಂದು ಕಾರು ಓಡಬೇಕು, ಉಸಿರು ನಿಂತ ಆರು ಗಂಟೆಯೊಳಗೆ ಅದು ದಾನಿಯ ಮನೆಯ ಬಾಗಿಲು ಮುಟ್ಟಬೇಕು ಎಂಬುದು ಎಷ್ಟೋ ಜನರ ನೆನಪಿಗೆ ಬರುವುದೇ ಇಲ್ಲ. ಮೈಸೂರಿನ ತಿಳಿಗಣ್ಣು ನೇತ್ರಾಲಯದಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ಆ ಕಾರನ್ನೂ ಅದರ ಜೊತೆಯ ನಾಲ್ಕು ವಾಹನಗಳನ್ನೂ ಸದಾ ಸಿದ್ಧವಾಗಿಟ್ಟವರು ವಾಹನ ವಿಭಾಗದ ಮೇಲ್ವಿಚಾರಕಿ ಶ್ರೀಮತಿ ಮಂಜುಳಮ್ಮನವರು. ವೈದ್ಯರ ಹೆಸರುಗಳು ಫಲಕದ ಮೇಲೆ ಬರೆದಿರುವ ಸಂಸ್ಥೆಯೊಂದು ನಿವೃತ್ತರಾಗುತ್ತಿರುವ ತನ್ನ ಮೆಕ್ಯಾನಿಕ್ ಒಬ್ಬರಿಗಾಗಿ ಅಭಿನಂದನ ಗ್ರಂಥ ಹೊರತರುತ್ತಿರುವುದು ಈ ಊರಿನಲ್ಲಿ ಇದೇ ಮೊದಲಿರಬಹುದು. ಇದರಿಂದ ಗೌರವ ಹೆಚ್ಚುವುದು ಸಂಸ್ಥೆಗೇ ಎಂಬ ಅರಿವು ನಮಗಿದೆ.

ನಂಜನಗೂಡು ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಮಂಜುಳಮ್ಮನವರ ತಂದೆ ಮಹದೇವಪ್ಪನವರು ಅಲ್ಲಿನ ಮಠವೊಂದರ ಜೀಪಿಗೆ ಚಾಲಕರಾಗಿದ್ದರು. ಸ್ವಾಮಿಗಳ ಪ್ರವಾಸ ಮುಗಿಸಿ ಬಂದ ಜೀಪಿನ ಬಾನೆಟ್ಟು ತೆಗೆದು ತಂದೆ ಕೆಲಸಕ್ಕೆ ಕುಳಿತರೆ, ಮಗಳು ಪಕ್ಕದಲ್ಲಿ ನಿಂತು ಸ್ಪ್ಯಾನರ್‌ಗಳನ್ನು ಅಳತೆಯ ಪ್ರಕಾರ ಎತ್ತಿಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಹೊಲಿಗೆ ತರಗತಿಗೆ ಸೇರಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಮಹದೇವಪ್ಪನವರು ಮಗಳನ್ನು ಕರೆದುಕೊಂಡು ಹೋಗಿ ಐಟಿಐನ ಮೋಟಾರು ಮೆಕ್ಯಾನಿಕ್ ವಿಭಾಗದ ಅರ್ಜಿಗೆ ಸಹಿ ಹಾಕಿಸಿದರು. ಅದು ೧೯೮೩ನೆಯ ಇಸವಿ. ತರಗತಿಯಲ್ಲಿದ್ದ ಹೆಣ್ಣುಮಗಳು ಇವರೊಬ್ಬರೇ. ತರಬೇತಿ ಮುಗಿದು ಕೈಯಲ್ಲಿ ಒಳ್ಳೆಯ ಅಂಕಪಟ್ಟಿ ಇದ್ದರೂ ಆರು ವರ್ಷ ಯಾವ ಗ್ಯಾರೇಜಿನವರೂ ಕೆಲಸ ಕೊಡಲಿಲ್ಲ. ದೇವರಾಜ ಮೊಹಲ್ಲಾದ ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನಲ್ಲಿ ನಿಂತು ಬೇರೆಯವರು ರಿಪೇರಿ ಮಾಡುವ ಗಾಡಿಗಳಿಗೆ ಗ್ಯಾಸ್ಕೆಟ್ಟು, ಬೆಲ್ಟು ಮಾರುತ್ತಿದ್ದ ಅವರನ್ನು ೧೯೯೧ರಲ್ಲಿ ನಮ್ಮ ಸಂಸ್ಥಾಪಕರು ಕರೆತಂದು ವಾಹನಗಳ ಬೀಗದ ಕೈ ಒಪ್ಪಿಸಿದರು.

ಅವರ ಸೇವಾವಧಿಯ ಸಣ್ಣಪುಟ್ಟ ಉಪಕಾರಗಳನ್ನು ನೆನೆಯಹೊರಟರೆ ಗ್ರಂಥದ ಪುಟಗಳು ಸಾಲವು. ಶಿಬಿರಕ್ಕೆ ಹೋಗುವ ನರ್ಸುಗಳಿಗೆಲ್ಲ ಸ್ಟೆಪ್ನಿ ಬದಲಿಸುವುದನ್ನು ಕಲಿಸಿದವರು ಅವರು. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಹೊರಟ ವೃದ್ಧರಿಗೆ ಗುಂಡಿಯಲ್ಲಿ ಕುಲುಕಾಟವಾದೀತೆಂದು ವ್ಯಾನಿನ ಹಿಂದಿನ ಸೀಟುಗಳ ಕೆಳಗೆ ತಾವೇ ದಪ್ಪ ರಬ್ಬರು ಹಾಕಿದವರು. ಚಾಲಕರು ಬಿಸಿಲಿನಲ್ಲಿ ಗೇಟಿನ ಬಳಿ ಕಾಯುವುದನ್ನು ನೋಡಲಾರದೆ ಮೂರು ವರ್ಷ ಅರ್ಜಿ ಬರೆದು ಬರೆದು ಅವರಿಗೊಂದು ಕೊಠಡಿ ಮಾಡಿಸಿಕೊಟ್ಟರು. ಆ ಅರ್ಜಿಗಳ ಕಡತ ಇಂದಿಗೂ ಕಚೇರಿಯಲ್ಲಿದೆ. ಇವೆಲ್ಲದರ ನಡುವೆಯೂ, ಮಂಜುಳಮ್ಮನವರು ಎಂಥವರು ಎಂಬುದನ್ನು ನಮಗೆಲ್ಲ ನಿಚ್ಚಳವಾಗಿ ತೋರಿಸಿಕೊಟ್ಟದ್ದು ೨೦೧೬ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಒಂದು ಸಂಗತಿ. ಅದನ್ನು ಇದ್ದುದು ಇದ್ದಂತೆ ಇಲ್ಲಿ ದಾಖಲಿಸಬೇಕಾಗಿದೆ.

ನೇತ್ರ ಸಂಗ್ರಹಣೆಗೆಂದು ಮೀಸಲಾಗಿದ್ದುದು ದಾನಿಗಳೊಬ್ಬರು ಕೊಟ್ಟ ಹಳೆಯ ಡೀಸೆಲ್ ಕಾರು. ಅದರ ಚಾಲಕರು ಕೆಂಪಯ್ಯನವರು. ಮಂಜುಳಮ್ಮನವರಿಗಿಂತ ಎರಡು ವರ್ಷ ಮೊದಲೇ ಸಂಸ್ಥೆಗೆ ಸೇರಿದವರು, ಮಿತಭಾಷಿ, ಅಷ್ಟೂ ವರ್ಷಗಳಲ್ಲಿ ಒಂದು ಸೈಕಲ್ಲಿಗೂ ಗಾಡಿ ತಗುಲಿಸದವರು. ಆ ಮಾರ್ಚಿಯಲ್ಲಿ ಕಾರಿನ ರೇಡಿಯೇಟರ್ ಸೋರತೊಡಗಿತು. ಮಂಜುಳಮ್ಮನವರು ಎರಡು ದಿನ ಕುಳಿತು ರೇಡಿಯೇಟರ್, ವಾಟರ್ ಪಂಪು ಎರಡನ್ನೂ ಹೊಸದಾಗಿ ಹಾಕಿದರು. ಎಲ್ಲ ಮುಗಿದ ಮೇಲೆ ಇಂಜಿನ್ನಿನ ಮೇಲ್ಭಾಗದಲ್ಲಿ ಶಾಖ ಅಳೆಯುವ ಸೆನ್ಸರ್ ಕೂರುವ ಕಡೆ ಒಂದೊಂದೇ ಹನಿ ನೀರು ಒಸರುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಸೆನ್ಸರನ್ನು ಬಿಚ್ಚಿ, ಅದರ ತಿರುಪಿನ ಗೆರೆಗಳ ಮೇಲೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿ, ಬಿಗಿಯಾಗಿ ಕೂರಿಸಿದರು. ಒಸರುವುದು ನಿಂತಿತು.

ಮೂರು ದಿನ ಕಾರು ಓಡಿಸಿದ ಕೆಂಪಯ್ಯನವರು ಬೀಗದ ಕೈ ಕೊಡಲು ಬಂದಾಗ ಒಂದು ಮಾತು ಹೇಳಿದರು.

"ಮೇಡಮ್ಮೋರೇ, ರಿಪೇರಿ ಆದ್ಮೇಲಿಂದ ಟೆಂಪರೇಚರ್ ಮುಳ್ಳು ಏಳ್ತಾನೇ ಇಲ್ಲ ಕಣಮ್ಮ. ಮೊದ್ಲು ಅರ್ಧಕ್ಕಾದ್ರೂ ಬಂದು ನಿಂತ್ಕಳದು."

ಮಂಜುಳಮ್ಮನವರು ಅಂದು ಶಿಬಿರದ ವ್ಯಾನಿನ ಬ್ರೇಕು ಬಿಚ್ಚಿಕೊಂಡು ಕುಳಿತಿದ್ದರು. ತಲೆ ಎತ್ತದೆಯೇ, "ಹೊಸಾ ರೇಡಿಯೇಟರ್ ಅಲ್ವಾ ಕೆಂಪಣ್ಣ, ತಣ್ಣಗಿರ್ತದೆ ಬುಡಿ" ಎಂದರು. ತಮ್ಮ ಕೆಲಸ ಚೆನ್ನಾಗಿ ಆಗಿದೆ ಎಂಬ ಸಂತೋಷ ಆ ಮಾತಿನಲ್ಲಿತ್ತು. ಕೆಂಪಯ್ಯನವರು ಸರಿ ಎಂದು ಹೊರಟುಹೋದರು.

ಏಪ್ರಿಲ್ ಎರಡನೆಯ ವಾರ ಹುಣಸೂರು ರಸ್ತೆಯಲ್ಲಿ ಇಲವಾಲದಿಂದ ಒಳಗಿರುವ ಹಳ್ಳಿಯೊಂದರಿಂದ ಬೆಳಿಗ್ಗೆ ಒಂಬತ್ತಕ್ಕೆ ದೂರವಾಣಿ ಬಂತು. ಲಿಂಗಯ್ಯ ಎಂಬ ರೈತರು ಬೆಳಗಿನ ಐದೂವರೆಗೆ ತೀರಿಕೊಂಡಿದ್ದರು. ತಮ್ಮ ಕಣ್ಣುಗಳನ್ನು ಕೊಡಬೇಕೆಂದು ಅವರು ಹೇಳಿದ್ದರೆಂದೂ ಬೇಗ ಬರಬೇಕೆಂದೂ ಅವರ ಹೆಂಡತಿ ಸಾಕಮ್ಮ ತಾವೇ ಮಾತನಾಡಿದರು. ಹನ್ನೊಂದೂವರೆಯವರೆಗೆ ಸಮಯವಿತ್ತು. ಡಾ. ಭವ್ಯಶ್ರೀಯವರು ಪೆಟ್ಟಿಗೆ ಹಿಡಿದು ಹತ್ತಿದರು, ಕೆಂಪಯ್ಯನವರು ಕಾರು ಹೊರಡಿಸಿದರು. ಇಲವಾಲ ದಾಟಿ ಸ್ವಲ್ಪ ದೂರದಲ್ಲಿ ಇಂಜಿನ್ನಿನ ಹಿಂಬದಿಯ ಹಳೆಯ ರಬ್ಬರ್ ಕೊಳವೆಯೊಂದು ಬಿರಿದು ನೀರೆಲ್ಲ ಸೋರಿಹೋಯಿತು. ಮುಳ್ಳು ಮಾತ್ರ ತಣ್ಣಗೆ ಕೆಳಗೇ ಮಲಗಿತ್ತು. ಸುಟ್ಟ ವಾಸನೆ ಬಂದು ಕೆಂಪಯ್ಯನವರು ಬ್ರೇಕು ಒತ್ತುವಷ್ಟರಲ್ಲಿ ಇಂಜಿನ್ನು ದಡಬಡ ಸದ್ದು ಮಾಡಿ ನಿಂತೇಹೋಯಿತು.

ಆಗ ಹತ್ತು ಗಂಟೆ ಹತ್ತು ನಿಮಿಷ. ಕೆಂಪಯ್ಯನವರು ರಸ್ತೆಯ ನಡುವೆ ಕೈ ಚಾಚಿ ನಿಂತು ಹಾಲಿನ ವ್ಯಾನೊಂದನ್ನು ತಡೆದರು. ಡಾಕ್ಟರನ್ನೂ ಪೆಟ್ಟಿಗೆಯನ್ನೂ ಕ್ಯಾನುಗಳ ನಡುವೆ ಕೂರಿಸಿ, ಹಳ್ಳಿಯ ದಾರಿಯನ್ನು ವ್ಯಾನಿನವನಿಗೆ ಎರಡೆರಡು ಸಲ ಹೇಳಿ ಕಳುಹಿಸಿದರು. ಹತ್ತೂಮುಕ್ಕಾಲಿಗೆ ಡಾ. ಭವ್ಯಶ್ರೀಯವರು ಆ ಮನೆಯ ಜಗಲಿ ಹತ್ತಿದಾಗ ಸಾಕಮ್ಮ ಕೈಮುಗಿದು, "ಬಂದ್ರಲ್ಲ ತಾಯಿ, ಅಷ್ಟೇ ಸಾಕು. ನಮ್ಮನೆಯೋರ ಮಾತು ಉಳೀತು" ಎಂದರಂತೆ. ಎರಡು ಕಣ್ಣುಗಳೂ ಸಮಯದೊಳಗೆ ನೇತ್ರಾಲಯಕ್ಕೆ ಬಂದವು.

ದಾನ ಉಳಿದರೂ ಇಂಜಿನ್ನು ಉಳಿಯಲಿಲ್ಲ. ಮಂಜುಳಮ್ಮನವರು ಆ ದಿನಗಳಲ್ಲಿ ಹೆಗ್ಗಡದೇವನಕೋಟೆಯ ಶಿಬಿರದಲ್ಲಿದ್ದುದರಿಂದ, ಆಗಿನ ಆಡಳಿತಾಧಿಕಾರಿ ಮಹಾಂತೇಶ್ ಅವರು ಹೊರಗಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಆತ ಸೆನ್ಸರಿನ ತಂತಿಯನ್ನು ಬಿಡಿಸಿ ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ಕೆಂಪು ಗೆರೆಯವರೆಗೆ ಸರಕ್ಕನೆ ಏರಿತು. ಮೀಟರು ಸರಿಯಾಗಿದೆ ಎಂದು ಬರೆದುಕೊಟ್ಟ. ಮೀಟರು ಸರಿಯಿದ್ದಮೇಲೆ ಮುಳ್ಳು ಏರಿರಲೇಬೇಕು, ಏರಿದ ಮುಳ್ಳನ್ನು ಚಾಲಕರು ನೋಡಿಲ್ಲ ಎಂಬ ತೀರ್ಮಾನಕ್ಕೆ ಮಹಾಂತೇಶ್ ಬಂದರು. ಮುಳ್ಳು ಕೆಳಗೇ ಇತ್ತು ಎಂದು ಕೆಂಪಯ್ಯನವರು ಹೇಳಿದ್ದನ್ನು ತಪ್ಪಿಸಿಕೊಳ್ಳುವ ಮಾತೆಂದು ಬಗೆಯಲಾಯಿತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಅವರಿಗೆ ಆದೇಶವಾಯಿತು.

ಒಂಬತ್ತನೆಯ ದಿನ ಮಂಜುಳಮ್ಮನವರು ಶಿಬಿರದಿಂದ ಹಿಂದಿರುಗಿದರು. ಷೆಡ್ಡಿನಲ್ಲಿ ನಿಂತಿದ್ದ ಕಾರನ್ನು ನೋಡಿ, ನಡೆದದ್ದನ್ನು ತಿಳಿದು ಸೀದಾ ಕಚೇರಿಗೆ ಹೋಗಿ ಕೆಂಪಯ್ಯನವರ ಹೇಳಿಕೆಯನ್ನು ಕೇಳಿ ಪಡೆದು ಓದಿದರು. ನಾಲ್ಕೇ ಸಾಲು. ಮುಳ್ಳು ಕೆಳಗಿತ್ತು, ವಾಸನೆ ಬಂದೊಡನೆ ನಿಲ್ಲಿಸಿದೆ, ಡಾಕ್ಟರನ್ನು ಹಾಲಿನ ವ್ಯಾನಿನಲ್ಲಿ ಕಳಿಸಿದೆ, ಇಷ್ಟೇ. ಇದನ್ನು ಮೊದಲೇ ಯಾರಿಗಾದರೂ ತಿಳಿಸಿದ್ದಿರಾ ಎಂಬ ಪ್ರಶ್ನೆಯ ಮುಂದಿನ ಜಾಗ ಖಾಲಿಯಿತ್ತು. ಅದನ್ನು ಕಂಡೊಡನೆ ಮಂಜುಳಮ್ಮನವರಿಗೆ ತಾವು ವ್ಯಾನಿನ ಬ್ರೇಕು ಬಿಚ್ಚಿಕೊಂಡು ಕುಳಿತಿದ್ದ ದಿನ ನೆನಪಾಯಿತು. ಕೆಂಪಯ್ಯನವರು ತಿಳಿಸಿದ್ದರು. ತಮಗೇ ತಿಳಿಸಿದ್ದರು. ತಮ್ಮ ಹೆಸರು ಬರಬಾರದೆಂದು ಆ ಮನುಷ್ಯ ಸುಮ್ಮನೆ ಮನೆಗೆ ಹೋಗಿ ಕುಳಿತಿದ್ದರು.

ಮಂಜುಳಮ್ಮನವರು ಷೆಡ್ಡಿಗೆ ಬಂದು ವಿದ್ಯುತ್ ಹರಿವನ್ನು ಅಳೆಯುವ ಮಲ್ಟಿಮೀಟರ್ ಕೈಗೆತ್ತಿಕೊಂಡರು. ಮೊದಲು ಹೊರಗಿನವರು ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿದರು, ಮುಳ್ಳು ಏರಿತು. ಹಾಗಾದರೆ ಮೀಟರೂ ಸರಿ, ತಂತಿಯೂ ಸರಿ. ಆಮೇಲೆ ಸೆನ್ಸರಿನ ತುದಿಯಿಂದ ಅದರ ಹಿತ್ತಾಳೆಯ ಮೈಗೆ ಅಳೆದು ನೋಡಿದರು. ಅದರಲ್ಲೂ ಜೀವವಿತ್ತು. ಎಲ್ಲವೂ ಸರಿಯಿದ್ದು ಮುಳ್ಳೊಂದೇ ಏಳದಿರುವುದು ಹೇಗೆ? ಆ ಕಾಲದ ಕಾರುಗಳಲ್ಲಿ ಸೆನ್ಸರಿಗೆ ಬರುವುದು ಒಂದೇ ತಂತಿ. ವಿದ್ಯುತ್ತು ಹಿಂದಿರುಗಿ ಹೋಗಲು ಇನ್ನೊಂದು ದಾರಿಯೆಂದರೆ ಸೆನ್ಸರಿನ ಮೈ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಕೊಂಡಿರುವ ತಿರುಪಿನ ಭಾಗ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆನ್ಸರಿನ ಮೈಗೂ ಇನ್ನೊಂದನ್ನು ಇಂಜಿನ್ನಿಗೂ ಹಿಡಿದರು. ಅವೆರಡರ ನಡುವೆ ಸಂಪರ್ಕವೇ ಇರಲಿಲ್ಲ.

ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಬಿಳಿ ಟೇಪು ಹೊರಬಂತು. ನಾಲ್ಕು ಸುತ್ತು. ನೀರನ್ನು ತಡೆದ ಟೇಪು ವಿದ್ಯುತ್ತನ್ನೂ ತಡೆದಿತ್ತು. ಇಂಜಿನ್ನು ಎಷ್ಟೇ ಕಾದರೂ ಆ ಸುದ್ದಿ ಮುಳ್ಳಿಗೆ ಮುಟ್ಟುವಂತಿರಲಿಲ್ಲ.

ಅದು ಊಟದ ಹೊತ್ತು, ಷೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಟೇಪನ್ನು ಕಿತ್ತೆಸೆದು ಸೆನ್ಸರ್ ಕೆಟ್ಟಿತ್ತೆಂದು ಬರೆದಿದ್ದರೆ ಕೆಂಪಯ್ಯನವರೂ ಪಾರಾಗುತ್ತಿದ್ದರು, ತಮಗೂ ಮಾತು ಬರುತ್ತಿರಲಿಲ್ಲ. ಆ ಯೋಚನೆ ತಮಗೆ ಬಂದದ್ದು ನಿಜವೆಂದು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. "ಬಂತು ಕಣ್ರೀ, ಯಾಕೆ ಬರಲ್ಲ? ಇಪ್ಪತ್ತೈದು ವರ್ಷದ ಹೆಸರು. ಆದ್ರೆ ಆ ಮನುಷ್ಯ ಒಂದು ಸಾಲು ಖಾಲಿ ಬುಟ್ಟಿದ್ರಲ್ಲ, ಅದನ್ನ ನಾನೇ ತುಂಬ್ಬೇಕಾಗಿತ್ತು." ಅವರು ಟೇಪನ್ನು ಒಂದು ಕಾಗದದಲ್ಲಿ ಮಡಚಿಟ್ಟು, ಕಾರಿನ ಲಾಗ್ ಬುಕ್ಕು ತೆರೆದು ಷರಾ ಕಾಲಂನಲ್ಲಿ ಬರೆದರು: "ಮಾರ್ಚಿ ರಿಪೇರಿಯಲ್ಲಿ ಸೆನ್ಸರಿಗೆ ಟೇಪು ಸುತ್ತಿದವಳು ನಾನು. ಅದರಿಂದ ಮುಳ್ಳು ಕೆಲಸ ಮಾಡಿಲ್ಲ. ಚಾಲಕರು ಮೂರನೆಯ ದಿನವೇ ನನಗೆ ತಿಳಿಸಿದ್ದರು, ನಾನು ನೋಡಲಿಲ್ಲ. ತಪ್ಪು ನನ್ನದು, ಚಾಲಕರದಲ್ಲ."

ಲಾಗ್ ಬುಕ್ಕನ್ನೂ ಟೇಪನ್ನೂ ಮೇಜಿನ ಮೇಲಿಟ್ಟಾಗ ಮಹಾಂತೇಶ್ ಅವರು ಓದಿ ಪುಸ್ತಕ ಮುಚ್ಚಿದರು. ಆಮೇಲೆ, "ಇದನ್ನ ಬರೆಯೋ ಅಗತ್ಯ ಇರಲಿಲ್ಲ ಮೇಡಂ. ಕೆಂಪಯ್ಯನವರನ್ನ ನಾಳೆನೇ ಕರೆಸ್ಕೊಳ್ತೀನಿ, ಇಲ್ಲಿಗೆ ಮುಗಿಸೋಣ" ಎಂದರು.

"ಮುಗಿಯಲ್ಲ ಸರ್. ಅವರನ್ನ ಒಂಬತ್ತು ದಿನ ಮನೇಲಿ ಕೂರಿಸಿದ್ರಿ. ನನಗೂ ಅಷ್ಟೇ ದಿನ ಆದೇಶ ಕೊಡಿ."

"ನೀವಿಲ್ದೆ ಗಾಡಿಗಳು ಓಡೋದು ಹೇಗೆ?"

"ಅವರಿಲ್ದೆ ಓಡಲಿಲ್ವಾ?"

ಮಹಾಂತೇಶ್ ಅವರು ಆದೇಶ ಬರೆದುಕೊಟ್ಟರು.

ಅದೇ ಸಂಜೆ ಮಂಜುಳಮ್ಮನವರು ಬೋಗಾದಿಯಲ್ಲಿರುವ ಕೆಂಪಯ್ಯನವರ ಮನೆಗೆ ಹೋದರು. ಬಾಗಿಲು ತೆರೆದವರು ಅವರ ಹೆಂಡತಿ ಚಾಮುಂಡಮ್ಮ. ಒಳಗೆ ಕರೆಯುವ ಮೊದಲೇ ಮನಸ್ಸಿನಲ್ಲಿದ್ದುದನ್ನು ಆಡಿಬಿಟ್ಟರು. "ಕಣ್ಣಾಸ್ಪತ್ರೆನೋರೇ ನಮ್ಮ ಯಜಮಾನ್ರಿಗೆ ಕಣ್ಣು ಕಾಣ್ಸಲ್ಲ ಅಂದ್ಬುಟ್ರಲ್ಲಮ್ಮ! ಒಂಬತ್ ದಿನದಿಂದ ಈ ಮನುಷ್ಯ ಸರಿಯಾಗಿ ಉಂಡಿಲ್ಲ, ಬೀದಿಗೆ ಕಾಲಿಟ್ಟಿಲ್ಲ."

"ಕಂಡಿತ್ತು ಕಣಮ್ಮ ಅವರಿಗೆ. ಕಾಣದೇ ಹೋದದ್ದು ನನಗೆ" ಎಂದರು ಮಂಜುಳಮ್ಮನವರು. ಒಳಗೆ ಚಾಪೆಯ ಮೇಲೆ ಕುಳಿತಿದ್ದ ಕೆಂಪಯ್ಯನವರ ಎದುರು ತಾವೂ ನೆಲದ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿ, "ನನ್ನ ಹೆಸರು ಯಾಕೆ ಬರೀಲಿಲ್ಲ ಕೆಂಪಣ್ಣ?" ಎಂದು ಕೇಳಿದರು.

ಕೆಂಪಯ್ಯನವರು ತಲೆ ತಗ್ಗಿಸಿಕೊಂಡೇ ಉತ್ತರಿಸಿದರು. "ನಮಗೊಂದು ರೂಮು ಆಗ್ಲಿ ಅಂತ ಮೂರು ವರ್ಸ ಅರ್ಜಿ ಬರೆದೋರು ನೀವು. ನಿಮ್ ಮೇಲೆ ನಾನೆಂಗೆ ಬರೀಲಿ?"

ಮಂಜುಳಮ್ಮನವರು ಕೈಮುಗಿದರು. ಚಾಮುಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡದೆ ಏಳಕೂಡದೆಂದು ಮುದ್ದೆಗೆ ಎಸರಿಟ್ಟರು. ಆ ದಿನ ಮೂವರೂ ಒಟ್ಟಿಗೆ ಉಂಡರು.

ಮರುದಿನ ಕೆಂಪಯ್ಯನವರು ಕೆಲಸಕ್ಕೆ ಬಂದರು. ಮಹಾಂತೇಶ್ ಅವರು ಎಲ್ಲ ಸಿಬ್ಬಂದಿಯನ್ನೂ ಅಂಗಳದಲ್ಲಿ ಸೇರಿಸಿ, ಅರ್ಧ ಪರೀಕ್ಷೆಯನ್ನು ನಂಬಿ ಹಿರಿಯರೊಬ್ಬರ ಮಾತನ್ನು ತಾವು ಸುಳ್ಳೆಂದು ಬಗೆದದ್ದಕ್ಕೆ ಕ್ಷಮೆ ಕೇಳಿದರು. ಅವರ ಆ ದೊಡ್ಡತನವನ್ನೂ ಇಲ್ಲಿ ಸ್ಮರಿಸಬೇಕು. ಮಂಜುಳಮ್ಮನವರು ಮಾತ್ರ ಕೃಷ್ಣಮೂರ್ತಿಪುರಂನ ತಮ್ಮ ಮನೆಯಲ್ಲಿ ಉಳಿದರು. ಐದನೆಯ ದಿನ ಕೆಂಪಯ್ಯನವರು ಅಲ್ಲಿಗೇ ಬಂದರು.

"ಇಂಜಿನ್ ಬಿಚ್ಚಿ ಮಡಗಿದೀವಿ. ಸಾಮಾನೆಲ್ಲ ಬಂದದೆ. ಬನ್ನಿ ಮೇಡಮ್ಮೋರೇ, ಸಾಕು ಮಾಡಿ."

"ಇನ್ನೂ ನಾಲ್ಕು ದಿನ ಇದೆ ಕೆಂಪಣ್ಣ. ಹೊರಗಿನೋರ್ನ ಕರೆಸಿ ಕೂರಿಸ್ಕೊಳ್ಳಿ."

"ಬ್ಯಾರೆಯೋರ ಕೈಗೆ ನಾನು ಕೊಡಾಕಿಲ್ಲ. ನಾಲ್ಕು ದಿನ ಕಾಯ್ತೀನಿ."

ಹಾಗೆಯೇ ಕಾದರು. ಅಷ್ಟು ದಿನವೂ ಡಾ. ಭವ್ಯಶ್ರೀಯವರು ತಮ್ಮ ಸ್ವಂತ ಕಾರಿನಲ್ಲಿ ಕೆಂಪಯ್ಯನವರನ್ನು ಚಾಲಕರ ಸೀಟಿನಲ್ಲಿ ಕೂರಿಸಿಕೊಂಡು ನೇತ್ರ ಸಂಗ್ರಹಣೆಗೆ ಹೋಗಿಬಂದರು. ಹತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ಮಂಜುಳಮ್ಮನವರು ಷೆಡ್ಡಿಗೆ ಬಂದು, ಕೆಂಪಯ್ಯನವರೊಡನೆ ಸೇರಿ ಮೂರು ದಿನಗಳಲ್ಲಿ ಇಂಜಿನ್ನು ಕೂರಿಸಿದರು. ಹಳೆಯ ರಬ್ಬರ್ ಕೊಳವೆಗಳಲ್ಲಿ ಒಂದನ್ನೂ ಉಳಿಸಲಿಲ್ಲ. ಸೆನ್ಸರಿಗೆ ಟೇಪಿನ ಬದಲು ತಾಮ್ರದ ಹೊಸ ವಾಷರು ಹಾಕಿ, ಕಬ್ಬಿಣಕ್ಕೆ ಚೆನ್ನಾಗಿ ತಾಗುವಂತೆ ಬಿಗಿದು, ಮಲ್ಟಿಮೀಟರ್ ಹಿಡಿದು ಎರಡು ಬಾರಿ ಪರೀಕ್ಷಿಸಿದರು. ಬಾನೆಟ್ಟು ತೆರೆದಂತೆಯೇ ಇಂಜಿನ್ನು ಚಾಲೂ ಮಾಡಿದಾಗ ನರ್ಸುಗಳು, ಗುಮಾಸ್ತರು, ಮಹಾಂತೇಶ್ ಅವರೂ ಬಂದು ಸುತ್ತ ನಿಂತಿದ್ದರು. ಕೆಂಪಯ್ಯನವರು ಸ್ಟೇರಿಂಗಿನ ಹಿಂದೆ ಬಾಗಿ ಕುಳಿತು ಮೀಟರನ್ನೇ ದಿಟ್ಟಿಸುತ್ತಿದ್ದರು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವರು ಇದ್ದಕ್ಕಿದ್ದಂತೆ ಕೂಗಿದರು.

"ಎದ್ದದೆ ಕಣಮ್ಮ, ಎದ್ದದೆ! ಅರ್ಧಕ್ಕೆ ಬಂದು ನಿಂತ್ಕತು!"

ಜನರೆಲ್ಲ ಚಪ್ಪಾಳೆ ತಟ್ಟಿದರು. ಮಂಜುಳಮ್ಮನವರು ಗಡಿಯಾರ ನೋಡಿ, ಇಂಜಿನ್ನು ಪೂರ್ತಿ ಕಾದು ರೇಡಿಯೇಟರಿನ ಫ್ಯಾನು ತಿರುಗುವವರೆಗೆ ಯಾರೂ ಕದಲಬಾರದೆಂದರು.

ಅಂದಿನಿಂದ ನಮ್ಮ ಷೆಡ್ಡಿನಲ್ಲಿ ಒಂದು ಪದ್ಧತಿ ನೆಲೆಗೊಂಡಿತು. ನೀರಿನ ವ್ಯವಸ್ಥೆಯ ಯಾವ ರಿಪೇರಿಯಾದರೂ ಇಂಜಿನ್ನು ತಣ್ಣಗಿರುವಾಗಿನಿಂದ ಫ್ಯಾನು ತಿರುಗುವವರೆಗೆ ಮೆಕ್ಯಾನಿಕ್ಕೂ ಚಾಲಕರೂ ಜೊತೆಯಲ್ಲಿ ಕುಳಿತು ಮುಳ್ಳನ್ನು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಚಾಲಕರು ಹೇಳಿದ ಪ್ರತಿಯೊಂದು ಮಾತನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲಿನ ಒಂಬತ್ತು ವರ್ಷಗಳಲ್ಲಿ ನಮ್ಮ ನೇತ್ರ ಸಂಗ್ರಹಣಾ ವಾಹನ ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ. ಈ ಪದ್ಧತಿಯನ್ನು ನೋಡಿ ಕಲಿಯಲೆಂದು ಬೇರೆ ಆಸ್ಪತ್ರೆಗಳ ಮೆಕ್ಯಾನಿಕ್‌ಗಳು ಬಂದಾಗಲೆಲ್ಲ ಮಂಜುಳಮ್ಮನವರು ಮೊದಲು ತೆರೆದು ತೋರಿಸುತ್ತಿದ್ದುದು ಆ ಲಾಗ್ ಬುಕ್ಕಿನ ಪುಟವನ್ನೇ. ಕೆಂಪಯ್ಯನವರು ೨೦೧೯ರಲ್ಲಿ ನಿವೃತ್ತರಾದ ದಿನ ಅವರನ್ನು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೋಗಾದಿಯವರೆಗೆ ಓಡಿಸಿಕೊಂಡು ಹೋದವರು ಮಂಜುಳಮ್ಮನವರೇ.

ಈ ಗ್ರಂಥದ ಸಿದ್ಧತೆ ನಡೆದಿದ್ದಾಗ ಸಂಪಾದಕ ಮಂಡಲಿಯವರು, ಸಂತೋಷದ ಸಂದರ್ಭದಲ್ಲಿ ಬೇಡವೆಂದು, ಈ ಸಂಗತಿಯನ್ನು ಲೇಖನಗಳ ಪಟ್ಟಿಯಿಂದ ಕೈಬಿಟ್ಟಿದ್ದರು. ಪಟ್ಟಿಯನ್ನು ನೋಡಿದ ಮಂಜುಳಮ್ಮನವರು ಕನ್ನಡಕ ತೆಗೆದು ಕೇಳಿದರು: "ಕೆಂಪಣ್ಣನ ವಿಷಯ ಇದ್ರಲ್ಲಿ ಎಲ್ಲಿ?" ಅದು ನಿಮಗೆ ಶೋಭೆಯಲ್ಲ ಎಂದು ಯಾರೋ ಅಂದರು. "ನನಗೆ ಶೋಭೆ ಬೇಡ ಕಣ್ರೀ. ಅವರು ಸುಳ್ಳು ಹೇಳಿರಲಿಲ್ಲ ಅಂತ ಅಚ್ಚಿನಲ್ಲಿ ಬರಲಿ. ಅವರ ಮೊಮ್ಮಕ್ಕಳು ಓದ್ತಾರೆ."

ಆದುದರಿಂದ ಇದನ್ನು ಬರೆಯಲಾಯಿತು. ಬರೆದು ಮುಗಿಸಿದಾಗ, ಅಭಿನಂದನೆಗೆ ಇದಕ್ಕಿಂತ ತಕ್ಕ ವಿಷಯ ನಮಗೆ ಸಿಗುತ್ತಿರಲಿಲ್ಲ ಎನ್ನಿಸಿತು.

ನಿವೃತ್ತಿಯ ಮರುವಾರದಿಂದಲೇ ಮಂಜುಳಮ್ಮನವರು ತಾಲ್ಲೂಕು ಆಸ್ಪತ್ರೆಗಳ ಚಾಲಕಿಯರಿಗೆ ವಾಹನ ನಿರ್ವಹಣೆಯ ತರಗತಿ ನಡೆಸಲು ಒಪ್ಪಿಕೊಂಡಿದ್ದಾರೆ. ಈಗಾಗಲೇ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ. ಆ ತರಗತಿ ತುಂಬಿ ತುಳುಕಲಿ, ಅವರ ಆರೋಗ್ಯ ಗಟ್ಟಿಯಾಗಿರಲಿ, ನೂರು ತುಂಬುವವರೆಗೂ ಅವರ ಕೈಗಳು ಗ್ರೀಸಿನಿಂದ ಕಪ್ಪಾಗುತ್ತಲೇ ಇರಲಿ ಎಂದು ತಿಳಿಗಣ್ಣು ನೇತ್ರಾಲಯದ ಸಮಸ್ತ ಬಳಗ ಹೆಮ್ಮೆಯಿಂದ ಹಾರೈಸುತ್ತದೆ. ಮೊದಲ ತರಗತಿ ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂದು ಮಂಜುಳಮ್ಮನವರು ಬಾಗಿಲಿಗೆ ಚೀಟಿ ಅಂಟಿಸಿಯಾಗಿದೆ.